ನಲವತ್ತು ನಿಮಿಷದ ದೂರ

ನಂಬದವರು ನಗಲಿ. ಆ ಭಾನುವಾರ ರಾತ್ರಿ ಫೋನು ಹಿಡಿದ ಕೈ ನನ್ನದೇ, ಕೇಳಿಸಿಕೊಂಡ ಕಿವಿಯೂ ನನ್ನದೇ.

ಕೊಟ್ಟೂರಿನ ನಮ್ಮ ಮನೆಗೆ ಆ ವರ್ಷವಷ್ಟೇ ಫೋನಿನ ಸಂಪರ್ಕ ಬಂದಿತ್ತು. ನನ್ನ ಗಂಡ ದೂರದ ಒಂದು ದ್ವೀಪದ ಪುಟ್ಟ ವಿಮಾನ ನಿಲ್ದಾಣದಲ್ಲಿ ಡೀಸೆಲ್ ಜನರೇಟರ್ ಮೆಕ್ಯಾನಿಕ್. ಅವರ ಸೋದರಮಾವನ ಮಗಳು ಗೌರಿ ಇನ್ನೊಂದು ದ್ವೀಪದಲ್ಲಿ ನರ್ಸ್. ನನಗಿಂತ ಮೊದಲು ಇವರಿಗೆ ಮದುವೆಯ ಮಾತಾಗಿದ್ದು ಅವಳೊಂದಿಗೇ. ಜಾತಕ ಕೂಡಲಿಲ್ಲವೆಂದು ಬಿಟ್ಟರು. ಅವಳ ಹೆಸರು ಕೇಳಿದರೆ ಸಾಕು, ನನಗೆ ಮೈಯೆಲ್ಲ ಉರಿ. ಮುಚ್ಚಿಡುವುದೇನಿದೆ?

ಒಮ್ಮೆ ಇವರನ್ನೇ ಕೇಳಿದ್ದೆ. "ಅಕಿ ಇರೋ ದ್ವೀಪ ಎಷ್ಟು ದೂರ ಐತ್ರಿ?"

"ಇನ್ನೂರು ಕಿಲೋಮೀಟರ್. ವಿಮಾನದಾಗ ನಲವತ್ತು ನಿಮಿಷ. ನಮ್ಮೂರಿಂದ ಹಡಗಲಿಗೆ ಹೋಗೋ ಬಸ್ಸಿಗಿಂತ ಜಲ್ದಿ ಹೊಕ್ಕತಿ."

ಅಂದರೆ ನಾನು ಬೇಳೆ ಬೇಯಿಸಿ ಇಳಿಸುವಷ್ಟರಲ್ಲಿ ಇವರು ಅವಳ ಮನೆ ಮುಂದೆ ನಿಂತಿರಬಹುದು! ವಿಮಾನ ನಿಲ್ದಾಣದಲ್ಲೇ ಕೆಲಸ, ಹೊತ್ತಿನ ಲೆಕ್ಕ ಗೊತ್ತಿರುತ್ತದೆ ಅನ್ನಿ. ಆದರೂ... ಸಮಾಧಾನ ಒಂದೇ ಇತ್ತು. ಅಲ್ಲಿ ರನ್‌ವೇಗೆ ದೀಪವಿಲ್ಲ, ಕತ್ತಲಾದ ಮೇಲೆ ವಿಮಾನ ಹಾರುವುದಿಲ್ಲ. ಹಗಲೆಲ್ಲ ಸಂಶಯಪಟ್ಟು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದೆ.

ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ ಇವರ ಫೋನು. ಇಡುವ ಮುಂಚೆ ಒಂದು ಮಾತು ತಪ್ಪದೆ ಕೇಳುತ್ತಿದ್ದರು: "ಹಿತ್ತಲ ಬಾಗಿಲು ಹಾಕ್ಕೊಂಡಿಯೇನ?" ಅವರ ಪ್ರೀತಿಯೆಲ್ಲ ನನಗೆ ಆ ಒಂದು ಮಾತಿನಲ್ಲೇ ಸಿಗುತ್ತಿತ್ತು.

ಆ ರಾತ್ರಿ ಅದನ್ನು ಕೇಳದೆಯೇ ಇಟ್ಟುಬಿಟ್ಟರು.

ಐದು ನಿಮಿಷವೂ ಆಗಿರಲಿಲ್ಲ, ಮತ್ತೆ ಗಂಟೆ. ಗೌರಿ! ನಮ್ಮ ಅತ್ತೆಯನ್ನು ಮಾತಾಡಿಸಬೇಕೆಂದಳು. "ಅತ್ತಿ ಮಲಗ್ಯಾರ" ಅಂದೆ, ಮುಖ ಗಂಟಿಕ್ಕಿಕೊಂಡೇ. ಅವಳ ದನಿಯ ಹಿಂದೆ ಸಮುದ್ರದ ಮೊರೆತ... ಆ ಮೊರೆತದೊಳಗಿಂದ, ತೀರಾ ಹತ್ತಿರದಲ್ಲಿ, ಇವರ ದನಿ.

"ಹಿತ್ತಲ ಬಾಗಿಲು ಹಾಕ್ಕೊಂಡಿಯೇನ?"

ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಯಾರದಾರ ಅಲ್ಲಿ?"

"ನಾನೊಬ್ಬಾಕೇ ಅದೀನಕ್ಕಾ..." ಗೌರಿ ಪಿಸುಗುಟ್ಟಿದಳು. "ನನಗೂ ಕೇಳ್ತು. ಕೋಣ್ಯಾಗೆಲ್ಲ ಡೀಸೆಲ್ ವಾಸನಿ ಬರಾಕತ್ತೈತಿ..."

ಲೈನು ಕಡಿಯಿತು. ಕೂಡಲೇ ಇವರ ಕ್ವಾರ್ಟರ್ಸ್‌ಗೆ ಫೋನು ಹಚ್ಚಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದರು, ನಿದ್ದೆಗಣ್ಣಿನಲ್ಲಿ.

"ಈಗರ ಕಣ್ಣು ಹತ್ತಿತ್ತು ಲೇ ಶಾರದಾ... ಕನಸಿನ್ಯಾಗ ಯಾವುದೋ ಮನಿ ಬಾಗಿಲು ತೆರೆದಿತ್ತು."

"ಯಾರ ಮನೀದ್ರೀ?"

"ಹೊತ್ತಾತು, ಮಲಗು" ಅಂದು ಫೋನು ಇಟ್ಟರು.

ಬೆಳಿಗ್ಗೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮೈಗೆ ವಿಮಾನ ಬೇಕವ್ವಾ. ಮನಸಿಗೇನು ಬೇಕು?" ಅಂದರು. ಸಮಾಧಾನ ಹೇಳಿದರೋ, ಗಾಯಕ್ಕೆ ಉಪ್ಪು ಸವರಿದರೋ, ಇವತ್ತಿಗೂ ತಿಳಿದಿಲ್ಲ.

ಇವರು ಆ ಕೆಲಸ ಬಿಟ್ಟು ಊರಿಗೆ ಬಂದು ಎಷ್ಟೋ ವರ್ಷಗಳಾದವು. ಕೆಲವು ರಾತ್ರಿ ನಾನು ಬೇಕೆಂದೇ ಹಿತ್ತಲ ಬಾಗಿಲು ತೆರೆದಿಟ್ಟು ಬಂದು ಇವರ ಪಕ್ಕ ಮಲಗಿ ಕಾಯುತ್ತೇನೆ. ಆ ಭಾನುವಾರದ ನಂತರ ಒಂದು ದಿನವೂ ಇವರು ನನ್ನನ್ನು ಆ ಮಾತು ಕೇಳಿಲ್ಲ.