ಕ್ಯಾಮೆರಾ ನಿಮ್ಮದು, ಪಾಠ ನಂದು

ತನ್ನ ಪಾಠವನ್ನು ತಾನೇ ಕೂತು ಕೇಳುವ ಶಿಕ್ಷೆ ಯಾವ ಮಾಸ್ತರನಿಗೂ ಬರಬಾರದು. ನನಗೆ ಹೋದ ವರ್ಷ ಬಂತು. ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಎಲ್ಲರ ಪಾಠಗಳನ್ನೂ ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಏರಿಸಬೇಕೆಂಬ ಆದೇಶ ಹೊರಟಿತ್ತು. ನಾನು ಕನ್ನಡ ಕಲಿಸುವವನು. ಇಷ್ಟು ವರ್ಷ ಖಾಲಿ ಬೆಂಚುಗಳಿಗೆ ಹೇಳಿದ್ದನ್ನು ಕೊನೆಗೂ ಲೋಕ ಕೇಳುತ್ತದೆಂದು ಹಿಗ್ಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕ್ಯಾಮೆರಾ ಮುಂದೆ ನಿಂತೆ.

ಆದರೆ ನನಗೂ ಲೋಕಕ್ಕೂ ನಡುವೆ ಹಕ್ಕುಸ್ವಾಮ್ಯ ಸಮಿತಿ ಇತ್ತು. ಅಧ್ಯಕ್ಷರು ರಸಾಯನಶಾಸ್ತ್ರದ ಹಲಗೇಕರ್ ಸರ್. ಒಬ್ಬ ವಕೀಲರನ್ನು ಕರೆಸಿ ಸಮಿತಿಗೆ ತಿಳಿವಳಿಕೆ ಕೊಡಿಸಿದ್ದರು. ತರಗತಿಯೊಳಗೆ ಕಲಿಸುವುದಕ್ಕೆ ಇನ್ನೊಬ್ಬರ ಕವಿತೆ ಓದಿದರೆ ಅಡ್ಡಿಯಿಲ್ಲ, ಅದನ್ನೇ ಊರಿಗೆಲ್ಲ ಕಾಣುವ ಹಾಗೆ ಹಾಕುವಾಗ ಅನುಮತಿ ಬೇಕಾದೀತು, ನೋಡಿಕೊಳ್ಳಿ ಎಂದಿದ್ದರಂತೆ ವಕೀಲರು. ಹಲಗೇಕರ್ ಸರ್ ಕಿವಿಗೆ ಬಿದ್ದದ್ದು 'ಅನುಮತಿ' ಒಂದೇ. ಅಂದಿನಿಂದ ಕತ್ತರಿ ಕೈಬಿಡಲಿಲ್ಲ.

ನಾನು ಓದಿದ ಕವಿತೆ ಹೋಯಿತು, ಕವಿಯ ಮೊಮ್ಮಕ್ಕಳು ಇದ್ದಾರಂತೆ. ಕೇಳಿಸಿದ ಭಾವಗೀತೆ ಹೋಯಿತು. ಕವಿಯ ಭಾವಚಿತ್ರ ಹೋಯಿತು, ತೆಗೆದವನು ಯಾರೋ ಏನೋ. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಗೆ ವಿಡಿಯೋದಲ್ಲಿ ಮಂಜು ಕವಿಯಿತು. ಬಾಜೂಕಿನ ಕರ್ನಾಟಕದ ನಕಾಶೆಗೂ ಅದೇ ಗತಿ. ಆ ನಕಾಶೆಯ ಬಗ್ಗೆ ನಮ್ಮೂರಲ್ಲಿ ಕೆಲವರ ತಕರಾರಿದೆಯೆಂದು ಗೊತ್ತಿತ್ತು. ಅಚ್ಚು ಹಾಕಿದವರದೂ ಇರಬಹುದೆಂದು ಅವತ್ತೇ ತಿಳಿದದ್ದು. ನಮ್ಮ ವಚನಕಾರರು ತಾವು ಹೇಳಿದ್ದಕ್ಕೆಲ್ಲ ದೇವರ ಹೆಸರಿನ ಅಂಕಿತ ಹಾಕಿದರು. ಈ ಸಮಿತಿ ಆಗಲೇ ಇದ್ದಿದ್ದರೆ ದೇವರಿಂದ ಸಹಿ ಮಾಡಿಸಿಕೊಂಡು ಬನ್ನಿ ಎನ್ನುತ್ತಿತ್ತು.

ಕೊನೆಗೆ ಉಳಿದದ್ದು ನನ್ನ ಕೆಮ್ಮು, ಮತ್ತು "ತಿಳೀತೇನ್ರಿ?" ಎಂಬ ಪ್ರಶ್ನೆ. ಮನೆಯಲ್ಲಿ ಹಾಕಿ ತೋರಿಸಿದೆ. ಹೆಂಡತಿ ಮುಗಿಯುವ ತನಕ ನೋಡಿ, "ಇಷ್ಟಕ್ಕ ನೀವು ದಿನಾ ಖಾನಾಪುರದಿಂದ ಟ್ರೇನ್ ಹಿಡದು ಹೋಗ್ತೀರಿ?" ಎಂದಳು.

ಅದೇ ಟ್ರೇನಿನಲ್ಲಿ ನನ್ನ ಜೊತೆ ಬರುತ್ತಿದ್ದವರು ನಸ್ರೀನ್ ಮೇಡಂ. ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅವರ ಪಾಠ ಮಾತ್ರ ಒಂದು ಕೂದಲೂ ಕೊಂಕದೆ ಪಾಸಾಗಿತ್ತು. ಪುಸ್ತಕದ ಚಿತ್ರವಿಲ್ಲ, ಯಾರದೋ ವಾಕ್ಯವಿಲ್ಲ. ಆಟೋ ನಗರದಲ್ಲಿರುವ ಅಣ್ಣನ ಗ್ಯಾರೇಜನ್ನೇ ಬೋರ್ಡಿನ ಮೇಲೆ ಬರೆದು, ಕಂಪನಿ ನಿಲ್ಲಿಸಿಬಿಟ್ಟ ಹಳೇ ಸ್ಕೂಟರಿನ ಒಂದು ಸಾಮಾನಿಗೆ ಬೆಲೆ ಹೇಗೆ ಏರುತ್ತದೆಂದು ಹೇಳುತ್ತಿದ್ದರು. "ಕತ್ತರಿಗೆ ಕೆಲಸನ ಇಲ್ಲ ನೋಡ್ರಿ. ಎಲ್ಲಾ ಅವ್ರದ ಸ್ವಂತದ್ದು," ಎಂದು ಹಲಗೇಕರ್ ಸರ್ ತುಂಬಿದ ಸಭೆಯಲ್ಲಿ ಕೊಂಡಾಡಿದರು. ಅವರ ಇಡೀ ವರ್ಷದ ಪಾಠ ಅಂತರ್ಜಾಲ ಸೇರಿತು.

ಕಾಲೇಜಿನ ಹೊಸ ವರ್ಷ ಶುರುವಾದಾಗ ಮೇಡಂ ಟ್ರೇನಿನಲ್ಲಿ ಕಾಣಲಿಲ್ಲ. ಕೆಲವು ದಿನಗಳ ಮೇಲೆ ಸಿಕ್ಕರು. ದೇಸೂರ ಸ್ಟೇಷನ್ ದಾಟುವ ತನಕ ಕಿಟಕಿಯನ್ನೇ ನೋಡುತ್ತಿದ್ದು, "ಸರ್, ಈ ಸಲ ನನ್ನ ಕರ್ದಿಲ್ರಿ. ಯಾಕ ಅಂತ ಕೇಳಾಕ ಹೊಂಟೇನಿ," ಎಂದರು. ಅತಿಥಿ ಉಪನ್ಯಾಸಕರನ್ನು ಕರೆಯುವುದೂ ಹಲಗೇಕರ್ ಸರ್ ಕೈಯಲ್ಲೇ ಇತ್ತು. ಧೈರ್ಯಕ್ಕಿರಲೆಂದು ನಾನೂ ಅವರೊಡನೆ ಸರ್ ಕೋಣೆಗೆ ಹೋದೆ. ಖರೇ ಹೇಳಬೇಕೆಂದರೆ, ಕುತೂಹಲಕ್ಕೆ.

"ಬರ್ರಿ ಮೇಡಂ, ಕುಂದರ್ರಿ," ಎಂದರು ಹಲಗೇಕರ್ ಸರ್. "ಇನ್ನ ನಿಮಗ ತ್ರಾಸ ಕೊಡೂದು ಬ್ಯಾಡ ಅಂತ ಮಾಡೇವಿ. ನಿಮ್ಮ ವಿಡಿಯೋ ಅದಾವಲ್ರಿ, ಹುಡುಗ್ರು ಅವನ್ನ ನೋಡ್ತಾರ."

ಮೇಡಂ ಕೂತಲ್ಲಿಂದ ಎದ್ದರು. ತನ್ನ ಜಾಗಕ್ಕೆ ತನ್ನನ್ನೇ ಕೂರಿಸಿ ತನ್ನನ್ನು ಎಬ್ಬಿಸಿದ್ದರು. "ಹಂಗಾದ್ರ ಅವನ್ನ ತಗೀರಿ ಸರ್."

"ಹೆಂಗ ತಗಿಯೂದ್ರಿ? ಖೋಲಿ ನಮ್ದು, ಲೈಟ್ ನಮ್ದು, ಕ್ಯಾಮೆರಾ ನಮ್ದು!"

"ಕ್ಯಾಮೆರಾ ನಿಮ್ದ ಇರ್ಲಿ ಸರ್. ಪಾಠ ನಂದು. ಎಲ್ಲಾ ಸ್ವಂತದ್ದು ಅಂತ ನೀವ ಹೇಳೀರಿ."

ಹಲಗೇಕರ್ ಸರ್ ನಕ್ಕು, ಮಾತು ಮುಗಿಸಿಬಿಡೋಣವೆಂದು ವಕೀಲರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅವ್ರು ನಿಮ್ಮ ಕಾಯಂ ನೌಕರರೇನ್ರಿ?" ಎಂದರು ವಕೀಲರು.

"ಅಲ್ರಿ, ಕರ್ದಾಗ ಬರಾವ್ರು."

"ಪಾಠದ ಹಕ್ಕು ಕಾಲೇಜಿಗೆ ಕೊಟ್ಟೇನಿ ಅಂತ ಬರಸ್ಕೊಂಡೀರಿ?"

"ಇಲ್ರಿ."

"ಹಂಗಾದ್ರ ಅದು ಅವ್ರದ ಅಂತ ಅವ್ರು ಕೋರ್ಟಿಗೆ ಹೋದ್ರ ನಿಮ್ಮ ಕಡೆ ಉತ್ತರ ಇಲ್ಲ. ಸುಮ್ನ ತಗೀರಿ."

ಸತ್ತ ಕವಿ, ಗಾಯಕ, ಫೋಟೋಗ್ರಾಫರ್, ಕ್ಯಾಲೆಂಡರಿನ ಲಕ್ಷ್ಮಿ ಎಲ್ಲರ ಹಕ್ಕಿಗೂ ಮರುಗಿದ ಸಮಿತಿಗೆ, ಪರದೆಯ ನಟ್ಟನಡುವೆ ನಿಂತು ಮಾತಾಡುತ್ತಿದ್ದ ಹೆಂಗಸನ್ನು ಒಂದು ಮಾತು ಕೇಳಬೇಕೆಂದು ಹೊಳೆದಿರಲಿಲ್ಲ.

ಸಂಜೆಯೊಳಗೆ ವಿಡಿಯೋಗಳು ಮಾಯವಾದವು. ಪರೀಕ್ಷೆ ಹತ್ತಿರ ಬಂತು. ವಿದ್ಯಾರ್ಥಿಗಳು ಹಲಗೇಕರ್ ಸರ್ ಬಾಗಿಲಿಗೆ ಮುತ್ತಿದರು: "ಸರ್, ಕನ್ನಡ ಸರ್ ಕೆಮ್ಮೂದು ಅಷ್ಟ ಐತ್ರಿ. ಇಕನಾಮಿಕ್ಸ್ ಎಲ್ಲೈತಿ?" ಕೊನೆಗೆ ಸರ್ ತಾವೇ ಖಾನಾಪುರಕ್ಕೆ ಮೇಡಂಗೆ ಫೋನು ಮಾಡಿ ಕರೆದರು. ಪಾಠ ತನ್ನದೇ, ತಾನು ಕೆಲಸದಲ್ಲಿ ಇರುವ ತನಕ ಮಾತ್ರ ಕಾಲೇಜು ತೋರಿಸಬಹುದು ಎಂದು ಮೊದಲು ಬರೆಸಿಕೊಂಡೇ ಮೇಡಂ ಬಂದರು.

"ಹಂಗಾರ ಹಳೇವನ್ನ ವಾಪಸ್ ಹಾಕೂಣಲ್ರಿ?" ಎಂದರು ಹಲಗೇಕರ್ ಸರ್ ಆಸೆಯಿಂದ.

"ಬ್ಯಾಡ್ರಿ ಸರ್, ಹೊಸಾವ ಮಾಡೂಣು. ಹಳೇದ್ರಾಗ ಒಂದ ಕಡೆ ಬೇಡಿಕೆ ರೇಖಾ ಉಲ್ಟಾ ತಗದೇನಿ. ತುಟ್ಟಿ ಆದಷ್ಟು ಜನ ಜಾಸ್ತಿ ಕೊಳ್ತಾರ ಅನ್ನೂಹಂಗ ಆಗೇತಿ. ನಿಮ್ಮ ಸಮಿತಿ ಅಷ್ಟ ಸಲ ನೋಡೇತಿ, ಯಾರೂ ಹೇಳ್ಲಿಲ್ಲ?"

ಹಲಗೇಕರ್ ಸರ್ ಸಣ್ಣ ದನಿಯಲ್ಲಿ, "ನಾವ್ಯಾರೂ ಪಾಠ ಕೇಳಿಲ್ರಿ ಮೇಡಂ. ತಪಾಸ್ ಅಷ್ಟ ಮಾಡೇವಿ," ಎಂದರು.

ಮರುದಿನ ಮೇಡಂ ಪಾಠಕ್ಕೆ ಹಲಗೇಕರ್ ಸರ್ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿ ನಾನೂ ಕುಳಿತೆ. ಅರ್ಥಶಾಸ್ತ್ರ ಕಷ್ಟದ ವಿಷಯ. ಆದರೆ ಕೇಳಿದರೆ, ಸ್ವಲ್ಪ ಸ್ವಲ್ಪ ತಿಳಿಯುತ್ತದೆ.