ಎಡಗೈಯಲ್ಲಿ ಎತ್ತಿದ ತಟ್ಟೆ

ವಿನೋಬನಗರದ ಆ ಮನೆಯಲ್ಲಿ ಉಂಡ ತಟ್ಟೆಯನ್ನು ಯಾರೂ ಹಾಗೇ ಎತ್ತಿಡುವುದಿಲ್ಲ. ಅನ್ನವೆಂದರೆ ಪ್ರಸಾದ. ಒಂದು ಅಗುಳೂ ಬಿಡದೆ, ತಟ್ಟೆಗೆ ನೀರು ಹಾಕಿ ಬೆರಳಿನಿಂದ ಬಳಿದು, ಎರಡೂ ಕೈಯಲ್ಲಿ ಎತ್ತಿ ಕುಡಿಯಬೇಕು. ಭಾನುವಳ್ಳಿಯ ತವರಿನಲ್ಲಿ ಕಲಿತದ್ದನ್ನು ಸರ್ವಮಂಗಳಮ್ಮ ಈಗ ಮೊಮ್ಮಗಳು ಅಂಕಿತಾಗೆ ಕಲಿಸುತ್ತಿದ್ದರು. ಮಗ, ಸೊಸೆ ಬೆಳಗಾದರೆ ಹರಿಹರದ ತಮ್ಮ ಬಟ್ಟೆ ಅಂಗಡಿಗೆ ಬಸ್ಸು ಹತ್ತುತ್ತಾರೆ. ಹುಡುಗಿಯ ನಡೆನುಡಿಯೆಲ್ಲ ಅಜ್ಜಿಯ ಪಾಲಿಗೆ. ಹಿರಿಯರ ಕಾಲು ಮುಟ್ಟಬೇಕು, ಎದುರಾಡಬಾರದು, ಚಾಡಿ ಹೇಳಬಾರದು. ಓಣಿಯ ಹೆಂಗಸರು, "ನಿಮ್ಮ ಮೊಮ್ಮಗಳನ್ನ ಒಂದ್ವಾರ ನಮ್ಮನೆಗೆ ಕಳಸ್ರಿ, ನಮ್ಮ ಕೋತಿಗಳು ನೋಡಿ ಕಲೀಲಿ" ಎಂದಾಗ ಅವರ ಮುಖ ಅರಳುತ್ತಿತ್ತು.

ಅಂಥ ಹುಡುಗಿ ಅವತ್ತು ಊಟ ಮುಗಿಸಿ ಎಡಗೈಯೊಂದರಲ್ಲೇ ತಟ್ಟೆ ಎತ್ತಿದಳು.

"ಪ್ರಸಾದಕ್ಕೆ ಎಡಗೈ ಹಚ್ತೀಯಲ್ಲ! ಏನಾಗೈತೆ ನಿನಗೆ? ಬಲಗೈ ತಾ!"

ಅಂಕಿತಾ ಬಲಗೈಯನ್ನೂ ತಂದಳು. ತಟ್ಟೆ ನಡುಗಿ ನೀರು ಲಂಗದ ಮೇಲೆ ಚೆಲ್ಲಿತು. ಆಗ ಕಂಡಿತು, ಬೆರಳ ಗೆಣ್ಣುಗಳು ಕಪ್ಪಾಗಿ ಬಾತುಕೊಂಡಿದ್ದವು.

"ಯಾರವ್ವ ಹೊಡೆದಿದ್ದು?"

ಅಂಕಿತಾ ಕೈಯನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡಳು.

"ಎಲ್ಲಾದ್ರೂ ಬಿದ್ದಿಯಾ?"

ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳಬಾರದೆಂಬುದನ್ನೂ ಅಜ್ಜಿಯೇ ಕಲಿಸಿದ್ದರು.

"ಮತ್ತೆ ಹೇಳಬಾರ್ದಾ ನನ್ ತಾಯಿ?"

"ಹೇಳಿದ್ರೆ ಚಾಡಿ ಆಗ್ತೈತಲ್ಲ ಅಜ್ಜಿ. ಮೇಷ್ಟ್ರು ದೊಡ್ಡೋರು."

ನಿಟ್ಟುವಳ್ಳಿಯ ಯೋಗರಾಜ್ ಮೇಷ್ಟ್ರು. ಟ್ಯೂಷನ್ನಿಗೆ ಸೇರಿಸಿದ ದಿನ ಕಾಯಿ, ಹಣ್ಣು ಕೊಟ್ಟು, "ಎರಡು ಬಿಗಿದಾದ್ರೂ ಕಲಿಸ್ರಿ, ನಾವೇನೂ ಕೇಳಲ್ಲ" ಎಂದವರು ಸರ್ವಮಂಗಳಮ್ಮನೇ. ಹುಡುಗಿ ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳಿಸಿಕೊಂಡಿದ್ದಳು.

ಅರಿಶಿನ ಬಿಸಿಮಾಡಿ ಒಂದೊಂದೇ ಗೆಣ್ಣಿಗೆ ಹಚ್ಚಿದರು. ಮರುದಿನ ಬೆಳಿಗ್ಗೆ ಪೂಜೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ; ಅಂಗೈ ಮೇಲಿನ ಲಿಂಗವನ್ನು ನೋಡಿದರೆ ಆ ಗೆಣ್ಣುಗಳೇ ಕಣ್ಣಿಗೆ ಕಟ್ಟುತ್ತಿದ್ದವು.

ಸಂಜೆ ಮೊಮ್ಮಗಳ ಜೊತೆ ತಾವೂ ಆಟೋ ಹತ್ತಿದರು.

"ಬರ್ರಿ ಅಮ್ಮಾ, ಕೂಡ್ರಿ" ಎಂದರು ಮೇಷ್ಟ್ರು. "ಹುಡುಗಿ ಬಂಗಾರ ಬಿಡ್ರಿ. ಎಷ್ಟು ಬಾರಿಸಿದ್ರೂ ಕಮಕ್ ಕಿಮಕ್ ಅನ್ನಲ್ಲ."

ಅಷ್ಟರಲ್ಲಿ ಅಂಕಿತಾ ರೂಢಿಯಂತೆ ಅವರ ಕಾಲು ಮುಟ್ಟಲು ಬಗ್ಗಿದಳು. ಸರ್ವಮಂಗಳಮ್ಮ ಭುಜ ಹಿಡಿದು ಎಬ್ಬಿಸಿದರು.

"ಬ್ಯಾಡವ್ವ." ಆಮೇಲೆ ಅವಳ ಕೈ ಮುಂದೆ ಹಿಡಿದರು. "ನೋಡ್ರಿ ಮೇಷ್ಟ್ರೇ. ನಾಳೆಯಿಂದ ಇವಳು ಬರಲ್ಲ."

"ನೀವೇ ಅಂದಿದ್ರಲ್ಲಮ್ಮ, ಎರಡು ಬಿಗೀರಿ ಅಂತ..."

"ಅಂದಿದ್ದೆ. ಅದಕ್ಕೇ ನಾನೇ ಬಂದೀನಿ."

ವಾಪಸು ಬರುವಾಗ ಆಟೋದಲ್ಲಿ ಅಂಕಿತಾ ಅಜ್ಜಿಯ ಸೆರಗು ಜಗ್ಗಿದಳು.

"ಅಜ್ಜಿ, ದೊಡ್ಡೋರ ಮೇಲೆ ಹೇಳಬೌದಾ ಹಂಗಾದ್ರೆ? ನಿನ್ನ ಮೇಲೂ?"

ಸರ್ವಮಂಗಳಮ್ಮ ಅವಳ ಕಡೆ ತಿರುಗಿದರು. "ಹೇಳು" ಎಂದರು.

"ನಿನ್ನೆ ಬಲಗೈ ತಾ ಅಂತ ಗದರಿದ್ಯಲ್ಲ... ಭಾಳ ನೋವಾತು."