ಬೇರಿಂಗ್ ಗಾಡಿಯ ಮೇಲೆ ನನ್ನ ಪಾಳಿ

ನಮ್ಮಪ್ಪ ಮಾಡಿದ ರೇಸ್ ಕಾರಿನಲ್ಲಿ ಮುಂಭಾಗ ಮಾತ್ರ ರೇಸ್ ಕಾರು, ಹಿಂಭಾಗ ಎತ್ತಿನ ಚಕ್ಕಡಿ. ಅದಕ್ಕೆ ಕಾರಣವಿತ್ತು. ಮಹಾಲಿಂಗಪುರದ ಸಂತೆಯಲ್ಲಿ ಭಜಿ ಕಟ್ಟಿಕೊಟ್ಟ ಹಾಳೆಯ ಮೇಲೆ ಅಪ್ಪ ಆ ಕಾರಿನ ಚಿತ್ರ ನೋಡಿದ್ದ. ಎಣ್ಣೆ ಇಳಿದು ಹಿಂದಿನ ಅರ್ಧ ಅಳಿಸಿಹೋಗಿತ್ತು. ಕಂಡಷ್ಟನ್ನು ಚಿತ್ರದಂತೆ ಮಾಡಿದ, ಕಾಣದ್ದನ್ನು ತನಗೆ ಗೊತ್ತಿದ್ದಂತೆ ಮಾಡಿದ. ಜಾಲಿಕಟ್ಟಿಗೆಯ ಚೌಕಟ್ಟು, ಮೂತಿಗೆ ಎಣ್ಣೆಡಬ್ಬಿ, ಜಮಖಂಡಿಯ ಗುಜರಿಯಿಂದ ತಂದ ಲಾರಿಯ ಬೇರಿಂಗುಗಳೇ ನಾಲ್ಕು ಗಾಲಿ. ಅತ್ತಿತ್ತ ತಿರುಗಿಸಲು ಎತ್ತಿನ ಹಗ್ಗ. ಹಗ್ಗ ಜಗ್ಗಿ ‘ಹೋ’ ಅಂದರೂ ನಿಲ್ಲದ ಎತ್ತನ್ನು ಅಪ್ಪ ಕಂಡವನಲ್ಲ, ಹಾಗಾಗಿ ಬ್ರೇಕಿನ ಯೋಚನೆಯೇ ಅವನಿಗೆ ಬರಲಿಲ್ಲ.

ಮುಧೋಳದ ಹತ್ತಿರದ ನಮ್ಮೂರಿನ ಇಳಿಜಾರಿನಲ್ಲಿ ಅಣ್ಣ ಮೊದಲ ದಿನವೇ ಎರಡೂ ಹಗ್ಗ ಜಗ್ಗಿ “ಹೋ! ಹೋ!” ಎಂದು ಒದರುತ್ತಾ ಕೆಳಗಿನ ಬೆಲ್ಲದ ಗಾಣದವರ ರವದಿ ಬಣವೆಗೆ ನುಗ್ಗಿದ. ಕಬ್ಬಿನ ಒಣಗರಿಗಳು ಅವನನ್ನು ಮೆತ್ತಗೆ ನುಂಗಿದವು. ಅಂದಿನಿಂದ ಆ ರವದಿಯೇ ನಮ್ಮ ಬ್ರೇಕು.

ಬೀರಪ್ಪನ ಗುಡಿ ಓಣಿಯ ಹುಡುಗರೂ ಒಂದು ಗಾಡಿ ಮಾಡಿದರು. ಪ್ರತಿ ರೇಸಿಗೆ ಮುಂಚೆ ಅದರ ಮೂತಿಗೆ ಗುಡಿಯ ಅರಿಶಿನದ ಭಂಡಾರ ಹಚ್ಚುತ್ತಿದ್ದರು. ನಮ್ಮ ಗಾಡಿಗೆ ಭಂಡಾರವಿರಲಿಲ್ಲ, ನಾನಿದ್ದೆ. ನಾನು ತಳ್ಳುವವಳು, ಅಣ್ಣ ಕೂರುವವನು. “ಮುಂದಿನ ಪಾಳಿ ನಿಂದ, ಖರೇನ ನಿಂದ” ಎನ್ನುತ್ತಲೇ ಇಡೀ ಬೇಸಿಗೆ ಕಳೆದ. ಹತ್ತು ವರ್ಷದ ನಾನು ಅತ್ತು, ಕರೆದು, ಊಟ ಬಿಟ್ಟು ಕೊನೆಗೊಂದು ದಿನ ಪಾಳಿ ಗಿಟ್ಟಿಸಿದೆ. ಎರಡು ಜಡೆಯನ್ನೂ ಒಂದಾಗಿ ಕಟ್ಟಿ, ಹಗ್ಗ ಹಿಡಿದು ಕೂತೆ. ಅಣ್ಣ ತಳ್ಳಿದ. ಒಂದು ಮಾರು ಹೋಗುವುದರೊಳಗೆ ಮುಂದಿನ ಬಲಗಾಲಿ ಕಳಚಿ, ಗಾಡಿ ಮೂತಿ ಊರಿ ಕುಳಿತಿತು. ಗಾಲಿಯನ್ನು ಅಚ್ಚಿಗೆ ಹಿಡಿದಿಡುವ ಕಡೆಗೀಲು ಮುರಿದು ಬಿದ್ದಿದೆ ಎಂದು ಹುಲ್ಲಿನಲ್ಲೆಲ್ಲ ಹುಡುಕಿದೆವು. ಸಿಗಲಿಲ್ಲ. ಮರುದಿನವೇ ಅಪ್ಪ ಗಾಡಿಯನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿಬಿಟ್ಟ.

ಅಣ್ಣನ ವಾದ ನಲವತ್ತು ವರ್ಷವೂ ಒಂದೇ: “ನೀ ಕುಂತಿ, ನಾ ತಳ್ಳೀನಿ, ನಿನ್ನ ಪಾಳಿ ಆತು.” ನನ್ನದೂ ಒಂದೇ. ನಮ್ಮೂರಲ್ಲಿ ಹೊಳೆಯ ನೀರು ಹೊಲಗಳಿಗೆ ಪಾಳಿಯ ಮೇಲೆ ಬರುತ್ತದೆ. ನಡುವೆ ಕರೆಂಟು ಹೋದರೆ ಪಾಳಿ ಹೋಗುವುದಿಲ್ಲ, ಉಳಿದ ತಾಸು ಅವರ ಹೆಸರಿಗೇ ಉಳಿಯುತ್ತದೆ. ಆ ಜಗಳಗಳನ್ನು ಪಂಪಿನ ಮನೆ ಮುಂದೆ ಕೂತು ಬಗೆಹರಿಸುತ್ತಿದ್ದವನು ನಮ್ಮಪ್ಪನೇ. ಹೊಲಕ್ಕೆ ಒಂದು ನ್ಯಾಯ, ನನಗೆ ಇನ್ನೊಂದೇ?

ಹೋದ ಚಳಿಗಾಲದಲ್ಲಿ ಅಣ್ಣ ಹಳೆಯ ಕೊಟ್ಟಿಗೆ ಕೆಡವಿದ. ಅಟ್ಟದಿಂದ ಗಾಡಿ ಇಳಿಯಿತು. ಅವನದು ಈಗ ಮುಧೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಗಾಡಿಯನ್ನು ಚೊಕ್ಕ ಮಾಡಿ ಅಂಗಡಿಯ ಮುಂದೆ ತೂಗುಹಾಕುತ್ತೇನೆಂದು ಫೋನಿನಲ್ಲಿ ಹೇಳಿದಾಗ ನನಗೆ ಉರಿದುಹೋಯಿತು. ನಾನು ಕೂರುವ ಮುಂಚೆಯೇ ತೂಗುಹಾಕುವುದೆಂದರೇನು! ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮ್ ಇವೆ. ಹಳೆಯ ಮಗ್ಗದ ನಾಲ್ಕು ಬೇರಿಂಗುಗಳನ್ನು ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಚೀಲ ಎತ್ತಿಕೊಟ್ಟ ಕಂಡಕ್ಟರು, “ಏನ್ರಿ ಅಕ್ಕಾರ, ತವರಮನಿಗೆ ಕಲ್ಲ ಒಯ್ಯಾಕತ್ತೀರೇನು?” ಎಂದ.

ಊರಿನ ಮನೆಯ ಅಂಗಳದಲ್ಲಿ ಅಣ್ಣ ಮತ್ತು ನಾನು ಎರಡು ದಿನ ಸೀಮೆಎಣ್ಣೆ ಸುರಿದು ತುಕ್ಕು ಉಜ್ಜಿದೆವು. ಜಾಲಿಕಟ್ಟಿಗೆ ಕಲ್ಲಿನಂತೆ ಗಟ್ಟಿಯಿತ್ತು. ಎಂಬತ್ತು ದಾಟಿದ ಅಪ್ಪ ಹಗ್ಗದ ಹೊರಸಿನ ಮೇಲೆ ಕೂತು, ಅದು ಹಂಗಲ್ಲ, ಇದು ಹಿಂಗಲ್ಲ ಎಂದು ಗದರುತ್ತಿದ್ದ. ಬಲಗಾಲಿಯ ಅಚ್ಚಿನ ತೂತಿಗೆ ಮೊಳೆ ಚುಚ್ಚಿದ ಅಣ್ಣ ತಲೆ ಎತ್ತಿದ. “ಮುರದಿದ್ರ ತುಂಡ ಒಳಗ ಇರತಿತ್ತು. ಇದು ಮುರದಿಲ್ಲ. ಯಾರೋ ತಗದಾರ.”

ನಾನು ಅವನನ್ನೇ ದಿಟ್ಟಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣ ಹೆಗಲು ಮುಟ್ಟಿಕೊಳ್ಳಲಿಲ್ಲ. ಹೊರಸಿನ ಮೇಲೆ ಅಪ್ಪ ಮಾತ್ರ ಎಲೆಅಡಿಕೆಯ ಚೀಲದೊಳಗೆ ಇಲ್ಲದ ಸುಣ್ಣ ಹುಡುಕತೊಡಗಿದ.

“ನಾನ ತಗದೀನಿ” ಎಂದ ಕೊನೆಗೆ. “ಹಿಂದಿನ ದಿನ ಗುಡಿ ಓಣಿ ಹುಡುಗ ಬಿದ್ದು ಎರಡ ಹಲ್ಲ ಕಳಕೊಂಡಿದ್ದ. ಹೆಣ್ಣುಮಗಳು ನೀ, ಮಾರಿಗೆ ಪೆಟ್ಟ ಆದ್ರ? ಕೂಡಬ್ಯಾಡ ಅನ್ನಾಕ ಬಾಯಿ ಬರಲಿಲ್ಲ ನನಗ.”

ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗ ಈಗ ಬೀಳಗಿಯಲ್ಲಿ ಅಂಗಡಿ ಇಟ್ಟು, ಆ ಎರಡು ಹಲ್ಲಿನ ಕತೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ಮೆರೆಯುತ್ತಾನೆ. ನನಗೆ ಹೇಳಲು ಒಂದು ಕತೆಯೂ ಇಲ್ಲ. “ಹಲ್ಲೂ ನಂದು, ಪಾಳಿನೂ ನಂದು! ಕೇಳಬೇಕಿತ್ತಪಾ ನೀ ನನ್ನ!” ಎಂದು ಕೂಗಿದೆ. ಕೂಗುತ್ತಲೇ ಕಣ್ಣು ತುಂಬಿದವು. ಅಪ್ಪ ಎಲೆಅಡಿಕೆಯ ಚೀಲ ಬದಿಗಿಟ್ಟು, ನೀರಿನ ನ್ಯಾಯ ಹೇಳುವ ಹಳೆಯ ದನಿಯಲ್ಲಿ, “ಕರೆಂಟ ಹೋಗಿರಲಿಲ್ಲ, ನಾನ ತಗದಿದ್ದೆ. ಪಾಳಿ ಆಕೀದು ಉಳದೈತಿ” ಎಂದ.

ಮರುದಿನ ಮುಂಜಾನೆ ಅಪ್ಪ ಮನೆಯಲ್ಲಿರಲಿಲ್ಲ. ಇಳಿಜಾರಿನ ತುದಿಯಿಂದ ನೋಡಿದರೆ ಕೆಳಗೆ ಕೋಲನ್ನು ಬದಿಗಿಟ್ಟು, ಎರಡೂ ಕೈಯಿಂದ ರವದಿ ಎಳೆದೆಳೆದು ಬಣವೆಯನ್ನು ದಪ್ಪ ಮಾಡುತ್ತಿದ್ದ. ಅದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮಗ್ಗದ ಬೇರಿಂಗು, ಹೊಸ ಕಡೆಗೀಲು ಹಾಕಿದ ಗಾಡಿಯಲ್ಲಿ ಸೆರಗು ಬಿಗಿದು ಕೂತೆ. ಅಣ್ಣ ತಳ್ಳಿದ. ಬೇರಿಂಗು ಕಿರ್ರೆಂದವು, ಗಾಳಿ ಮುಖಕ್ಕೆ ಬಡಿಯಿತು, ನಾನು ಹತ್ತು ವರ್ಷದವಳಂತೆ ಚೀರಿದೆ. ಬಣವೆ ಹತ್ತಿರವಾದಾಗ ಎಲ್ಲ ಮರೆತು ಎರಡೂ ಹಗ್ಗ ಜಗ್ಗಿ “ಹೋ! ಹೋ!” ಎಂದೆ. ಗಾಡಿ ನಿಂತಿತು! ರವದಿ ಇನ್ನೂ ಮೂರು ಮಾರು ದೂರವಿತ್ತು. ಮಗ್ಗದ ಬೇರಿಂಗಿಗೆ ನನ್ನ ತೂಕ ಹೆಚ್ಚಾಯಿತು ಎಂದ ಏದುಸಿರು ಬಿಡುತ್ತಾ ಬಂದ ಅಣ್ಣ. “ಹೋ ಅಂದ್ಲು, ನಿಂತು. ನಾ ಮಾಡಿದ್ದು ಅದು” ಎಂದ ಅಪ್ಪ.

ಆಮೇಲೆ ತನ್ನ ತಲೆಗೂದಲಲ್ಲಿ ಸಿಕ್ಕಿದ್ದ ರವದಿಯನ್ನೂ ಕೊಡವಿಕೊಳ್ಳದೆ ನನ್ನ ಗಾಡಿಯಿಂದ ಬಣವೆಯವರೆಗೆ ಕೋಲಿನಿಂದ ಅಳೆದ. “ಮುಟ್ಟಿಲ್ಲ. ಆಕಿ ಪಾಳಿ ಇನ್ನೂ ಮುಗದಿಲ್ಲ. ತಳ್ಳಲೇ ಮ್ಯಾಲ!”

ಐವತ್ತಾರರ ಅಣ್ಣ ಬೈಯುತ್ತಾ ಗಾಡಿಯನ್ನು ಏರಿನತ್ತ ತಳ್ಳಿದ. ನಾನು ಇಳಿಯಲಿಲ್ಲ.